ಶಾಸಕರ ಆಸ್ತಿಯೂ ಶಾಸನದ ಹಿತವೂ

(ಆಕಾಶವಾಣಿಯಲ್ಲಿ ಮಾಡಿದ ಭಾಷಣ)

ಚುನಾವಣೆ ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ ಒಂದು ಬಗೆಯ ಪಟ್ಟಿ ತಪ್ಪದೆ ಪ್ರಕಟವಾಗುತ್ತದೆ. ಯಾವ ಅಭ್ಯರ್ಥಿಗೆ ಎಷ್ಟು ಕೋಟಿ ರೂಪಾಯಿಗಳ ಆಸ್ತಿಯಿದೆ, ಎಷ್ಟು ಎಕರೆ ಜಮೀನಿದೆ, ಎಷ್ಟು ಮೋಟಾರು ವಾಹನಗಳಿವೆ, ಮಡದಿಯ ಬಳಿ ಎಷ್ಟು ಚಿನ್ನವಿದೆ ಎಂಬ ವಿವರಗಳನ್ನು ನಾವು ಬೆಳಗಿನ ಕಾಫಿಯೊಡನೆ ಓದಿ, 'ಅಬ್ಬಾ!' ಎಂದು ಉದ್ಗರಿಸಿ, ಪತ್ರಿಕೆಯನ್ನು ಮಡಿಸಿಡುತ್ತೇವೆ. 2023ರಲ್ಲಿ ನಮ್ಮ ವಿಧಾನಸಭೆಗೆ ಆಯ್ಕೆಯಾದವರ ಪೈಕಿ 223 ಮಂದಿಯ ವಿವರಗಳನ್ನು ಎ.ಡಿ.ಆರ್. ಎಂಬ ಸಂಸ್ಥೆ ಪರಿಶೀಲಿಸಿತು. ಅವರಲ್ಲಿ 217 ಮಂದಿ ಕೋಟ್ಯಧೀಶರೆಂದೂ ಒಬ್ಬೊಬ್ಬರ ಆಸ್ತಿ ಸರಾಸರಿ ಸುಮಾರು 64 ಕೋಟಿ ರೂಪಾಯಿಗಳೆಂದೂ ಲೆಕ್ಕ ಹೇಳಿತು. ಆ ಅಂಕಿಯೂ ನಾಲ್ಕು ದಿನ ಮಾತಿಗೆ ವಸ್ತುವಾಗಿ ಮರೆಯಾಯಿತು.

ಈ ಉದ್ಗಾರದಿಂದ ನಮಗಾಗಲಿ ನಾಡಿಗಾಗಲಿ ಏನು ಪ್ರಯೋಜನ ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ. ಒಬ್ಬನ ಬಳಿ ಹತ್ತು ಕೋಟಿಯಿದೆ, ಇನ್ನೊಬ್ಬನ ಬಳಿ ನೂರು ಕೋಟಿಯಿದೆ ಎಂಬುದರಿಂದ ಇಬ್ಬರಲ್ಲಿ ಯಾರು ಪ್ರಾಮಾಣಿಕರು ಎಂಬುದು ತಿಳಿಯುವುದಿಲ್ಲ. ಸಿರಿವಂತನಾದ ಮಾತ್ರಕ್ಕೆ ಮನುಷ್ಯ ದುಷ್ಟನೂ ಅಲ್ಲ, ಬಡವನಾದ ಮಾತ್ರಕ್ಕೆ ಸಾಧುವೂ ಅಲ್ಲ. 'ಎಷ್ಟು?' ಎಂಬ ಪ್ರಶ್ನೆ ಹೆಚ್ಚೆಂದರೆ ನಮ್ಮ ಕುತೂಹಲವನ್ನು ತಣಿಸಬಲ್ಲದು, ಇಲ್ಲವೇ ಅಸೂಯೆಯನ್ನು ಕೆರಳಿಸಬಲ್ಲದು. ಪ್ರಜೆಗಳಾಗಿ ನಾವು ಕೇಳಬೇಕಾದ ಪ್ರಶ್ನೆ ಬೇರೊಂದಿದೆ. ಆ ಆಸ್ತಿ ಎಲ್ಲಿದೆ? ಯಾವ ಉದ್ಯಮದಲ್ಲಿ, ಯಾವ ಊರಿನ ಅಂಚಿನಲ್ಲಿ, ಯಾವ ಸಂಸ್ಥೆಯ ಹೆಸರಿನಲ್ಲಿದೆ? ಅದರ ಒಡೆಯರು ಸದನದಲ್ಲಿ ಕುಳಿತು ಮಾಡುವ ಕಾನೂನು ಆ ಆಸ್ತಿಯ ಬೆಲೆಯನ್ನು ಏರಿಸುವಂಥದ್ದೇ, ಇಳಿಸುವಂಥದ್ದೇ? ಈ ಹೊತ್ತು ನಾನು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಈ 'ಎಲ್ಲಿ' ಎಂಬುದರ ಕುರಿತು.

ಒಬ್ಬ ವ್ಯಕ್ತಿ ಸಾರ್ವಜನಿಕರ ಪರವಾಗಿ ತೀರ್ಮಾನ ಕೈಗೊಳ್ಳಬೇಕಾದ ಜಾಗದಲ್ಲಿದ್ದು, ಆ ತೀರ್ಮಾನದಿಂದ ಅವನ ಸ್ವಂತ ಗಂಟಿಗೂ ಲಾಭವೋ ನಷ್ಟವೋ ಆಗುವಂತಿದ್ದರೆ, ಆ ಸ್ಥಿತಿಯನ್ನು ಹಿತಾಸಕ್ತಿಯ ಸಂಘರ್ಷ ಎನ್ನುತ್ತೇವೆ. ಇದು ಕಳವಲ್ಲ, ಲಂಚವೂ ಅಲ್ಲ. ಲಂಚದಲ್ಲಿ ಕೊಡುವವನೊಬ್ಬ, ಪಡೆಯುವವನೊಬ್ಬ ಇರುತ್ತಾರೆ. ಇಲ್ಲಿ ಇಬ್ಬರೂ ಒಬ್ಬನೇ. ಹಾಗಾಗಿ ಇಲ್ಲಿ ಸಾಕ್ಷಿಯೂ ಇಲ್ಲ, ದೂರು ಕೊಡುವವನೂ ಇಲ್ಲ. ಮನುಷ್ಯ ತಾನು ನ್ಯಾಯವಾಗಿಯೇ ನಡೆಯುತ್ತಿದ್ದೇನೆಂದು ಮನಸಾರೆ ನಂಬಿಕೊಂಡೇ ತನ್ನ ಕಡೆಗೆ ವಾಲಬಲ್ಲ. ಈ ಸ್ಥಿತಿಯ ಅಪಾಯವಿರುವುದೇ ಅಲ್ಲಿ.

ಬೇರೆ ವೃತ್ತಿಗಳಲ್ಲಿ ಈ ವಿವೇಕ ಬಹುಕಾಲದಿಂದ ಇದೆ. ತನ್ನ ನೆಂಟರ ಮೊಕದ್ದಮೆ ಎದುರಿಗೆ ಬಂದರೆ ನ್ಯಾಯಾಧೀಶರು ಹಿಂದೆ ಸರಿಯುತ್ತಾರೆ. ಒಂದು ಕಂಪೆನಿಯ ಲೆಕ್ಕಪತ್ರಗಳನ್ನು ಪರಿಶೋಧಿಸುವವರು ಅದೇ ಕಂಪೆನಿಯ ಷೇರುಗಳನ್ನು ಇಟ್ಟುಕೊಂಡಿರಬಾರದೆಂದು 2013ರ ಕಂಪೆನಿಗಳ ಕಾಯಿದೆ ವಿಧಿಸುತ್ತದೆ. ಅದೇ ಕಾಯಿದೆಯ ಪ್ರಕಾರ ಕಂಪೆನಿಯ ನಿರ್ದೇಶಕರು ತಮಗೆ ಬೇರೆ ಯಾವ ಯಾವ ಸಂಸ್ಥೆಗಳಲ್ಲಿ ಸಂಬಂಧವಿದೆಯೆಂಬುದನ್ನು ವರ್ಷಕ್ಕೊಮ್ಮೆ ಮಂಡಳಿಯ ಮುಂದೆ ಹೇಳಬೇಕು. ಹತ್ತಿಪ್ಪತ್ತು ಷೇರುದಾರರ ಹಣಕ್ಕೆ ಇಷ್ಟು ಕಾವಲಿದ್ದರೆ, ಆರೇಳು ಕೋಟಿ ಜನರ ಹಿತಕ್ಕೆ ಎಷ್ಟು ಕಾವಲಿರಬೇಕು?

ಕನ್ನಡಿಗರಿಗೆ ಈ ವಿಚಾರ ಹೊಸತೇನೂ ಅಲ್ಲ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಅರಮನೆಯ ಧನವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯರು ದೂರಿದಾಗ, ಭಂಡಾರವನ್ನು ತೆರೆದು ಎಣಿಸಿ ನೋಡಲಾಗಿ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂದು ಶರಣರ ಕಥೆಗಳು ಹೇಳುತ್ತವೆ. ಅದನ್ನು ಪವಾಡವೆಂದು ಓದುವವರು ಹಾಗೆಯೇ ಓದಲಿ. ನನಗೆ ಆ ಕಥೆಯಲ್ಲಿ ಮುಖ್ಯವಾಗಿ ಕಾಣುವುದು ಭಂಡಾರವನ್ನು ತೆರೆದು ತೋರಿಸಿದ್ದು. ಲೆಕ್ಕ ಒಪ್ಪಿಸುವುದನ್ನು ಅಲ್ಲಿ ಯಾರೂ ಅವಮಾನವೆಂದು ಎಣಿಸಲಿಲ್ಲ. ನಮ್ಮ ಕಾಲಕ್ಕೆ ಹತ್ತಿರದಲ್ಲಿ, 1912ರಲ್ಲಿ ಮೈಸೂರಿನ ದಿವಾನಗಿರಿಯನ್ನು ಒಪ್ಪಿಕೊಳ್ಳುವ ಮುನ್ನ ವಿಶ್ವೇಶ್ವರಯ್ಯನವರು ಬಂಧುಗಳನ್ನೆಲ್ಲ ಕರೆದು, ಯಾರೂ ಶಿಫಾರಸು ಕೇಳಿಕೊಂಡು ಬರಕೂಡದೆಂದು ಹೇಳಿದರಂತೆ. ಈ ಬಗೆಯ ಕಥೆಗಳು ನಮಗೆ ಪ್ರಿಯವಾಗಿವೆ. ಮಕ್ಕಳ ಪಠ್ಯಗಳಲ್ಲೂ ಸೇರಿವೆ. ಆದರೆ ಇಂಥ ಕಥೆಗಳು ವ್ಯಕ್ತಿಯ ಶೀಲವನ್ನು ನೆಚ್ಚಿಕೊಂಡಿರುತ್ತವೆ. ಎಲ್ಲ ಕಾಲದಲ್ಲೂ ವಿಶ್ವೇಶ್ವರಯ್ಯನವರೇ ಸಿಕ್ಕುವುದಿಲ್ಲವಾದ್ದರಿಂದ ನಮಗೆ ವ್ಯವಸ್ಥೆ ಬೇಕಾಗುತ್ತದೆ.

ವಿಷಯವನ್ನು ಒಂದು ಉದಾಹರಣೆಯಿಂದ ಬಿಡಿಸಿ ಹೇಳುತ್ತೇನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳನ್ನು ನೆನೆಯಿರಿ. ಅವುಗಳಲ್ಲಿ ಅನೇಕವು ರಾಜಕೀಯ ಮನೆತನಗಳ ಒಡೆತನದಲ್ಲೋ ಹಿಡಿತದಲ್ಲೋ ಇವೆಯೆಂಬುದು ಆ ಭಾಗದಲ್ಲಿ ಎಲ್ಲರಿಗೂ ಗೊತ್ತು. ಈ ವಿಷಯದಲ್ಲಿ ಪಕ್ಷಭೇದವೇನೂ ಇಲ್ಲ. ಇನ್ನು ಆ ಕಾರ್ಖಾನೆಗೂ ಸರ್ಕಾರಕ್ಕೂ ಎಷ್ಟು ಕಡೆ ಗಂಟು ಬಿದ್ದಿದೆ ನೋಡಿ. ಕಬ್ಬಿಗೆ ಕನಿಷ್ಠ ದರವನ್ನು ಕೇಂದ್ರ ಸರ್ಕಾರ ಗೊತ್ತುಮಾಡುತ್ತದೆ. 2025–26ರ ಹಂಗಾಮಿಗೆ ಅದು ಶೇಕಡಾ 10.25ರ ಇಳುವರಿಗೆ ಕ್ವಿಂಟಾಲಿಗೆ 355 ರೂಪಾಯಿ. ಆದರೆ ಕಟಾವು, ಸಾಗಣೆಯ ವೆಚ್ಚ ಕಳೆದು ರೈತನ ಕೈಗೆ ಬರುವುದೆಷ್ಟು, ಬರುವುದು ಯಾವಾಗ ಎಂಬುದನ್ನು ನೋಡಿಕೊಳ್ಳುವ ಹೊಣೆ ರಾಜ್ಯದ ಮೇಲೂ ಇದೆ. ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಸಲ್ಲಿಸಬೇಕು, ತಡವಾದರೆ ಶೇಕಡಾ 15ರ ಬಡ್ಡಿ ಸೇರಿಸಬೇಕು ಎಂಬುದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಕಬ್ಬಿನ ಖರೀದಿಯನ್ನೂ ಪೂರೈಕೆಯನ್ನೂ ನಿಯಂತ್ರಿಸಲೆಂದು 2013ರಲ್ಲಿ ನಮ್ಮ ರಾಜ್ಯವೇ ಒಂದು ಕಾಯಿದೆ ಮಾಡಿತು. ಅಷ್ಟೇ ಅಲ್ಲ, ಕಬ್ಬಿನ ಸಿಪ್ಪೆಯಿಂದ ಕಾರ್ಖಾನೆ ತಯಾರಿಸುವ ವಿದ್ಯುತ್ತನ್ನು ಕೊಳ್ಳುವುದು ಸರ್ಕಾರದ ಒಡೆತನದ ವಿದ್ಯುತ್ ಕಂಪೆನಿಗಳು. ಕಾಕಂಬಿಯಿಂದ ತೆಗೆಯುವ ಮದ್ಯಸಾರಕ್ಕೆ ಪರವಾನಗಿ ಕೊಡುವುದು ಅಬಕಾರಿ ಇಲಾಖೆ. ನಷ್ಟದಲ್ಲಿರುವ ಸಹಕಾರಿ ಕಾರ್ಖಾನೆಯನ್ನು ಗುತ್ತಿಗೆಗೆ ಕೊಡುವ ತೀರ್ಮಾನವೂ ಸರ್ಕಾರದ್ದೇ. ಕಬ್ಬಿನ ಗದ್ದೆಗೆ ಕಾಲುವೆಯ ನೀರು ಎಂದು ಬಿಡಬೇಕೆಂಬುದೂ ಸರ್ಕಾರದ್ದೇ.

ಈಗ ಒಬ್ಬ ಶಾಸಕರು ಇಂಥದೊಂದು ಕಾರ್ಖಾನೆಯ ಒಡೆಯರೆಂದು ಭಾವಿಸೋಣ. ಅವರು ಯಾರಿಂದಲೂ ಒಂದು ಪೈಸೆ ಲಂಚ ಪಡೆಯಬೇಕಾಗಿಲ್ಲ. ಕಬ್ಬಿನ ಬಾಕಿಯ ಪ್ರಶ್ನೆ ಸದನಕ್ಕೆ ಬಂದ ದಿನ ಸುಮ್ಮನೆ ಕುಳಿತಿದ್ದರೆ ಸಾಕು. ತೂಕದ ಮೋಸವನ್ನು ತಡೆಯುವ ನಿಯಮ ಸಮಿತಿಯ ಮುಂದೆ ಬಂದಾಗ 'ಇನ್ನಷ್ಟು ಪರಿಶೀಲನೆ ಅಗತ್ಯ' ಎಂದರೆ ಸಾಕು. ಮೌನವೂ ಒಂದು ಮತವೇ. ಆದರೆ ಅದು ಯಾವ ಕಡತದಲ್ಲೂ ದಾಖಲಾಗುವುದಿಲ್ಲ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಬೇಕೆಂದು ರಸ್ತೆಯಲ್ಲಿ ಕುಳಿತರು. ಕೊನೆಗೆ ಸರ್ಕಾರ 3,300 ರೂಪಾಯಿ ಎಂದು ನಿಗದಿ ಮಾಡಿತು. ಆ ದರ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ರೈತನಿಗೆ ತಿಳಿದಿರಬೇಕಾದದ್ದು ಇಷ್ಟು: ದರವನ್ನು ಕುರಿತು ಮಾತನಾಡುವ ಪ್ರತಿನಿಧಿ ಮಾರುವವರ ಕಡೆಯವರೇ, ಕೊಳ್ಳುವವರ ಕಡೆಯವರೇ, ಅಥವಾ ಎರಡೂ ಕಡೆಯವರೇ? ಬೇಲಿಯೇ ಎದ್ದು ಹೊಲ ಮೇಯುತ್ತಿದೆಯೆಂದು ನಾನು ಆರೋಪಿಸುತ್ತಿಲ್ಲ. ಬೇಲಿಯ ಕೀಲಿ ಯಾರ ಬಳಿಯಿದೆಯೆಂದು ಹೊಲದವನಿಗೆ ಗೊತ್ತಿರಲಿ ಎನ್ನುತ್ತಿದ್ದೇನೆ.

ಹಾಗಾದರೆ ಪ್ರತಿನಿಧಿಗಳ ಆಸ್ತಿಪಾಸ್ತಿಯನ್ನು ನೋಡಲು ನಮಗಿರುವ ಕಿಂಡಿಗಳು ಯಾವುವು? ಮೊದಲನೆಯದು ನಾಮಪತ್ರದೊಡನೆ ಸಲ್ಲಿಸುವ ಪ್ರಮಾಣಪತ್ರ, ಅಂದರೆ ಎಲ್ಲರೂ ಅಫಿಡವಿಟ್ ಎನ್ನುವುದು. ಇದು ಯಾರೂ ಉದಾರವಾಗಿ ಕೊಟ್ಟದ್ದಲ್ಲ. 1999ರಲ್ಲಿ ಅಹಮದಾಬಾದಿನ ಕೆಲವು ಪ್ರಾಧ್ಯಾಪಕರು ಹೂಡಿದ ಅರ್ಜಿ ದೆಹಲಿಯ ಉಚ್ಚ ನ್ಯಾಯಾಲಯದಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, 2002ರ ಮೇ 2ರಂದು ತೀರ್ಪಾಯಿತು. ಅಭ್ಯರ್ಥಿಯ ಹಿನ್ನೆಲೆಯನ್ನು ತಿಳಿಯುವುದು ಮತದಾರನ ಹಕ್ಕು ಎಂದಿತು ನ್ಯಾಯಾಲಯ. ಆ ತೀರ್ಪನ್ನು ಮೊಟಕುಗೊಳಿಸಲು ಸಂಸತ್ತು ಕಾನೂನನ್ನೇ ತಿದ್ದಿತು. ಹೆಚ್ಚು ಕಡಿಮೆ ಎಲ್ಲ ಪಕ್ಷಗಳೂ ಆಗ ಒಂದಾಗಿದ್ದವು. 2003ರ ಮಾರ್ಚ್ 13ರಂದು ಸರ್ವೋಚ್ಚ ನ್ಯಾಯಾಲಯ ಆ ತಿದ್ದುಪಡಿಯನ್ನು ರದ್ದುಪಡಿಸಿತು. ಅಂದಿನಿಂದ ಈ ಪ್ರಮಾಣಪತ್ರ ನಮ್ಮ ಕೈಗೆ ಸಿಕ್ಕುತ್ತಿದೆ. 2018ರ ಫೆಬ್ರವರಿ 16ರಂದು ಲೋಕಪ್ರಹರಿ ಎಂಬ ಸಂಸ್ಥೆಯ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಆಸ್ತಿಯಷ್ಟೇ ಸಾಲದು, ಆದಾಯದ ಮೂಲವನ್ನೂ ಹೇಳಬೇಕು ಎಂದಿತು. ಶಾಸಕರ ಆಸ್ತಿ ಅಧಿಕಾರದ ಅವಧಿಯಲ್ಲಿ ಹೇಗೆ ಬೆಳೆಯುತ್ತದೆಂಬುದನ್ನು ಕಾಲಕಾಲಕ್ಕೆ ನೋಡುವ ಶಾಶ್ವತ ಏರ್ಪಾಡು ಬೇಕೆಂದೂ ಹೇಳಿತು.

ಈ ಪ್ರಮಾಣಪತ್ರಗಳಲ್ಲಿ ಕೆಲವನ್ನು ನಾನು ಪೆನ್ಸಿಲು ಹಿಡಿದು ಓದಿದ್ದೇನೆ. ಅವುಗಳಿಂದ ತಿಳಿಯುವುದು ಬಹಳ. ಆದರೆ ತಿಳಿಯದೆ ಉಳಿಯುವುದೂ ಅಷ್ಟೇ ಇದೆ. ಮೊದಲಿಗೆ, ಷೇರುಪೇಟೆಗೆ ಬಾರದ ಖಾಸಗಿ ಕಂಪೆನಿಯ ಷೇರುಗಳನ್ನು ಅದರ ಲೆಕ್ಕಪುಸ್ತಕದಲ್ಲಿರುವ ಬೆಲೆಗೆ ತೋರಿಸಿದರೆ ಸಾಕು. ದೊಡ್ಡ ಕಾರ್ಖಾನೆಯೊಂದು ಹೀಗೆ ಕಾಗದದ ಮೇಲೆ ಚಿಕ್ಕ ಮೊತ್ತವಾಗಿ ಕುಳಿತುಕೊಳ್ಳಬಹುದು. ಎರಡನೆಯದಾಗಿ, ವಿದ್ಯಾಸಂಸ್ಥೆಗಳು. ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳನ್ನು ನಡೆಸುವುದು ಸಾಮಾನ್ಯವಾಗಿ ಟ್ರಸ್ಟುಗಳು. ಟ್ರಸ್ಟಿನ ಅಧ್ಯಕ್ಷರಾಗಿರುವ ಶಾಸಕರಿಗೆ ಆ ಕಟ್ಟಡ, ಆ ಜಮೀನು ಸ್ವಂತದ್ದಲ್ಲವಾದ್ದರಿಂದ ಅದು ಅವರ ಆಸ್ತಿಯ ಅಂಕಣದಲ್ಲಿ ಬರುವುದಿಲ್ಲ. ಆದರೆ ವಂತಿಗೆಯನ್ನು ನಿಷೇಧಿಸಿ 1984ರಲ್ಲಿ ನಾವೇ ಮಾಡಿದ ಕಾಯಿದೆಯ ಜಾರಿಯಾಗಲಿ, ವೃತ್ತಿಶಿಕ್ಷಣದ ಶುಲ್ಕದ ನಿಗದಿಯಾಗಲಿ, ಸೀಟುಗಳ ಹಂಚಿಕೆಯಾಗಲಿ ಅವರ ಸಂಸ್ಥೆಗೆ ನೇರವಾಗಿ ಸಂಬಂಧಿಸಿದ್ದು. ಮೂರನೆಯದಾಗಿ, ಸಂಸಾರ. ಪ್ರಮಾಣಪತ್ರ ಕೇಳುವುದು ಪತಿ ಅಥವಾ ಪತ್ನಿಯದು, ಮತ್ತು ಅವಲಂಬಿತರದು. ಸ್ವಂತ ಕಾಲಮೇಲೆ ನಿಂತ ಮಗ, ತಮ್ಮ, ಅಳಿಯ, ಸೊಸೆ ಇವರಾರೂ ಅವಲಂಬಿತರಲ್ಲ. ನಮ್ಮ ಸಮಾಜದಲ್ಲಿ ಮನೆತನದ ವ್ಯಾಪಾರ ಹೇಗೆ ನಡೆಯುತ್ತದೆಂದು ಬಲ್ಲವರಿಗೆ ಈ ಕಂಡಿಯ ಅಗಲ ಹೇಳಬೇಕಾಗಿಲ್ಲ. ನಾಲ್ಕನೆಯದಾಗಿ, ಯಾವ ಯಾವ ಸಂಸ್ಥೆಗಳಲ್ಲಿ ನಿರ್ದೇಶಕ, ಸಲಹೆಗಾರ, ಟ್ರಸ್ಟಿ ಎಂಬ ಸ್ಥಾನಗಳಿವೆಯೆಂದು ಕೇಳುವ ಪ್ರತ್ಯೇಕ ಅಂಕಣವೇ ಅದರಲ್ಲಿಲ್ಲ. ಕೊನೆಯದಾಗಿ, ಇದು ಚುನಾವಣೆಗೊಮ್ಮೆ ತೆಗೆದ ಛಾಯಾಚಿತ್ರ. ನಡುವಿನ ಐದು ವರ್ಷಗಳಲ್ಲಿ ಏನಾಯಿತೆಂಬುದನ್ನು ಅದು ಹೇಳದು. ಸುಳ್ಳು ಬರೆದರೆ ಆರು ತಿಂಗಳವರೆಗೆ ಸೆರೆ ಅಥವಾ ದಂಡ ಎಂದು ಕಾನೂನಿದೆ ನಿಜ. ಆದರೆ ಪ್ರಶ್ನೆಯನ್ನೇ ಕೇಳದಿದ್ದಲ್ಲಿ ಸುಳ್ಳಿನ ಮಾತೆಲ್ಲಿ ಬಂತು?

ಎರಡನೆಯ ಕಿಂಡಿ ನಮ್ಮ ನಾಡಿನದೇ. 1984ರ ಕರ್ನಾಟಕ ಲೋಕಾಯುಕ್ತ ಕಾಯಿದೆಯ 22ನೆಯ ಪ್ರಕರಣ, ಶಾಸಕರು ಮಂತ್ರಿಗಳು ಪ್ರತಿ ವರ್ಷ ಜೂನ್ 30ರ ಒಳಗಾಗಿ ತಮ್ಮ ಹಾಗೂ ತಮ್ಮ ಕುಟುಂಬದ ಆಸ್ತಿ ಮತ್ತು ಸಾಲಗಳ ವಿವರವನ್ನು ಲೋಕಾಯುಕ್ತರಿಗೆ ಒಪ್ಪಿಸಬೇಕೆಂದು ವಿಧಿಸುತ್ತದೆ. ಅಭ್ಯರ್ಥಿಗಳ ಪ್ರಮಾಣಪತ್ರ ಬರುವುದಕ್ಕೆ ಸುಮಾರು ಹದಿನೆಂಟು ವರ್ಷ ಮೊದಲೇ ಕನ್ನಡ ನಾಡು ಇದನ್ನು ಯೋಚಿಸಿತ್ತೆಂಬುದು ಹೆಮ್ಮೆಯ ಸಂಗತಿ. ವಿವರ ಸಲ್ಲಿಸದಿದ್ದರೆ ಲೋಕಾಯುಕ್ತರು ಮೇಲಿನವರಿಗೆ ವರದಿ ಮಾಡಬೇಕು. ಆಮೇಲೆಯೂ ಎರಡು ತಿಂಗಳು ಕಳೆದು ವಿವರ ಬಾರದಿದ್ದರೆ, ಅಂಥವರ ಹೆಸರುಗಳನ್ನು ಹೆಚ್ಚು ಪ್ರಸಾರವುಳ್ಳ ಮೂರು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಆ ಪ್ರಕರಣ ವಿಧಿಸುವುದು ಇಷ್ಟನ್ನೇ. ಈ ಶಿಕ್ಷೆಯನ್ನು ಬರೆದವರು ಮನುಷ್ಯನಿಗೆ ಲಜ್ಜೆಯೆಂಬುದು ಇದ್ದೇ ಇರುತ್ತದೆಂದು ನಂಬಿದ್ದರು. ಅವರ ನಂಬಿಕೆಯನ್ನು ನಾನು ಹಾಸ್ಯ ಮಾಡಲಾರೆ. ಆದರೆ ಪತ್ರಿಕೆಯಲ್ಲಿ ಹೆಸರು ಬಂದದ್ದನ್ನು ಓದಿ ನಾವು ಏನನ್ನೂ ಕೇಳದಿದ್ದರೆ, ಆ ಶಿಕ್ಷೆಗೆ ಜೀವ ತುಂಬುವವರಾರು?

ಮೂರನೆಯದು ಸದನದ ಒಳಗಿನ ನಿಯಮ. ಇದರ ಚರಿತ್ರೆ ಕುತೂಹಲಕರವಾಗಿದೆ. 1811ರಲ್ಲಿ ಇಂಗ್ಲೆಂಡಿನ ಕಾಮನ್ಸ್ ಸಭೆಯಲ್ಲಿ ಚಿನ್ನದ ನಾಣ್ಯ ಹಾಗೂ ಬ್ಯಾಂಕ್ ನೋಟುಗಳ ಮಸೂದೆಗೆ ಬ್ಯಾಂಕಿನ ನಿರ್ದೇಶಕರಾಗಿದ್ದ ಸದಸ್ಯರೂ ಮತ ಕೊಟ್ಟರು. ಅದಕ್ಕೆ ಆಕ್ಷೇಪ ಬಂದಾಗ ಸಭಾಧ್ಯಕ್ಷ ಚಾರ್ಲ್ಸ್ ಅಬಟ್ ಒಂದು ನಿರ್ಣಯ ಕೊಟ್ಟರು: ಸದಸ್ಯನ ಲಾಭ ನೇರವಾಗಿಯೂ ಅವನೊಬ್ಬನಿಗೇ ಪ್ರತ್ಯೇಕವಾಗಿಯೂ ಸಂಬಂಧಿಸಿದ್ದಾಗ ಮಾತ್ರ ಅವನ ಮತ ಅಸಿಂಧು, ಎಲ್ಲ ಪ್ರಜೆಗಳೊಡನೆ ಹಂಚಿಕೊಂಡ ಲಾಭವಾಗಿದ್ದರೆ, ಅಥವಾ ರಾಜ್ಯನೀತಿಗೆ ಸಂಬಂಧಿಸಿದ್ದಾದರೆ, ತೊಡಕಿಲ್ಲ. ನಮ್ಮ ಲೋಕಸಭೆಯ 371ನೆಯ ನಿಯಮದಲ್ಲಿ ಇಂದಿಗೂ ಹೆಚ್ಚು ಕಡಿಮೆ ಇದೇ ಮಾತಿದೆ. ಒಂದು ವರ್ಗದ ಜನರೊಡನೆ ಹಂಚಿಕೊಂಡ ಲಾಭಕ್ಕೂ ಅಲ್ಲಿ ವಿನಾಯಿತಿಯಿದೆ. ಇದನ್ನು ನಮ್ಮ ಉದಾಹರಣೆಗೆ ಅನ್ವಯಿಸಿ ನೋಡಿ. ಸಕ್ಕರೆ ಕಾರ್ಖಾನೆಗಳಿಗೆಲ್ಲ ಲಾಭವಾಗುವ ಮಸೂದೆಗೆ ಕಾರ್ಖಾನೆಯ ಒಡೆಯರು ಮತ ಕೊಟ್ಟರೆ, ಲಾಭ ಅವರೊಬ್ಬರದೇ ಅಲ್ಲ, ಒಂದು ವರ್ಗದ್ದು. ಆದ್ದರಿಂದ ಯಾವ ದೋಷವೂ ಇಲ್ಲ! ಇನ್ನೂರು ವರ್ಷಗಳ ಹಿಂದಿನ ಈ ಜಾಲರಿಯಲ್ಲಿ ಸಣ್ಣ ಮೀನು ಸಿಕ್ಕೀತು, ದೊಡ್ಡ ಮೀನು ಸಿಕ್ಕಲಾರದು.

ಇಂಗ್ಲೆಂಡಿನವರು ಅಲ್ಲಿಗೇ ನಿಲ್ಲಲಿಲ್ಲ. ಪೌಲ್ಸನ್ ಎಂಬ ವಾಸ್ತುಶಿಲ್ಪಿಯ ಹಗರಣದಲ್ಲಿ ರಾಜಕಾರಣಿಗಳ ಹೆಸರು ಕೇಳಿಬಂದ ಮೇಲೆ, 1974ರಲ್ಲಿ ಕಾಮನ್ಸ್ ಸಭೆ ಸದಸ್ಯರ ಹಿತಾಸಕ್ತಿಗಳ ದಾಖಲೆಪುಸ್ತಕವೊಂದನ್ನು ಇಡಲು ತೀರ್ಮಾನಿಸಿತು. ನಮ್ಮ ರಾಜ್ಯಸಭೆಯೂ ತನ್ನ 293ನೆಯ ನಿಯಮದ ಮೇರೆಗೆ ಅಂಥ ಪುಸ್ತಕವನ್ನು ಇಟ್ಟಿದೆ. ಸಂಬಳ ತರುವ ನಿರ್ದೇಶಕತ್ವ, ಸಂಭಾವನೆಯ ಕೆಲಸ, ಹಿಡಿತ ನೀಡುವಷ್ಟು ಷೇರುಗಳು, ಸಲಹೆಗಾರಿಕೆ, ವೃತ್ತಿ ಎಂಬ ಐದು ಬಗೆಯ ಸಂಬಂಧಗಳನ್ನು ಅಲ್ಲಿನ ಸದಸ್ಯರು ಬರೆಸಬೇಕು. 294ನೆಯ ನಿಯಮದಂತೆ, ಚರ್ಚೆಗೆ ಬಂದ ವಿಷಯದಲ್ಲಿ ತಮಗೆ ಹಣದ ಸಂಬಂಧವಿದ್ದರೆ ಅದನ್ನು ಮೊದಲು ಹೇಳಿ ಅನಂತರವೇ ಮಾತನಾಡಬೇಕು. 'ಎಷ್ಟು' ಎಂಬುದನ್ನು ಬಿಟ್ಟು 'ಎಲ್ಲಿ' ಎಂದು ಕೇಳುವ ನಿಯಮ ಇದು.

ನಮ್ಮ ಗಣರಾಜ್ಯದ ಮೊದಲ ದಿನಗಳಲ್ಲಿ ಕಾನೂನು ಇನ್ನೂ ನಿಷ್ಠುರವಾಗಿತ್ತೆಂಬುದನ್ನೂ ನೆನೆಯಬೇಕು. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯು, ಸರ್ಕಾರದೊಡನೆ ಮಾಡಿಕೊಂಡ ಗುತ್ತಿಗೆಯಲ್ಲಿ ತಾನೇ ಆಗಲಿ ತನ್ನ ಪರವಾಗಿ ಬೇರೆಯವರ ಮೂಲಕವಾಗಲಿ ಯಾವುದೇ ಪಾಲು ಅಥವಾ ಹಿತ ಹೊಂದಿದವನು ಶಾಸಕನಾಗಿರಲು ಅನರ್ಹ ಎಂದಿತ್ತು. 1958ರಲ್ಲಿ ಅದನ್ನು ತಿದ್ದಿ, ಅವನೇ ತನ್ನ ವ್ಯಾಪಾರದ ಸಲುವಾಗಿ ಮಾಡಿಕೊಂಡ ಗುತ್ತಿಗೆಗೆ ಮಾತ್ರ ಅನರ್ಹತೆಯನ್ನು ಸೀಮಿತಗೊಳಿಸಿದರು. 'ಬೇರೆಯವರ ಮೂಲಕ' ಎಂಬ ಮಾತು ಬಿದ್ದುಹೋಯಿತು. ಆ ಸಣ್ಣ ಮಾತು ಬಿದ್ದಲ್ಲೇ ಭಾವಮೈದುನರ ಕಂಪೆನಿಗಳಿಗೆ ಹಾದಿ ತೆರೆಯಿತೆಂದರೆ ತಪ್ಪಾಗಲಾರದು.

ಒಂದು ನಾಡಿನ ಶಾಸಕರ ಹಣಕಾಸನ್ನು ಅವರ ಕೆಲಸದೊಡನೆ ಹೋಲಿಸಿ ನೋಡುವುದು ಸಾಧ್ಯವೇ ಎಂದು ನೀವು ಕೇಳಬಹುದು. ಅಮೆರಿಕದಲ್ಲಿ ಅದನ್ನು ಮಾಡಿ ತೋರಿಸಿದ್ದಾರೆ. ಅಲ್ಲಿನ ಅನೇಕ ರಾಜ್ಯಗಳಲ್ಲಿ ಶಾಸಕತ್ವ ಅರೆಕಾಲದ ಕೆಲಸ. ಉಳಿದ ವೇಳೆಯಲ್ಲಿ ಅವರು ವಕೀಲರು, ರೈತರು, ವ್ಯಾಪಾರಿಗಳು. ಸೆಂಟರ್ ಫಾರ್ ಪಬ್ಲಿಕ್ ಇಂಟೆಗ್ರಿಟಿ ಎಂಬ ಸಂಸ್ಥೆಯೂ ಅಸೋಸಿಯೇಟೆಡ್ ಪ್ರೆಸ್ ಎಂಬ ವಾರ್ತಾಸಂಸ್ಥೆಯೂ ಜೊತೆಗೂಡಿ, 2015ರಲ್ಲಿ ಅಧಿಕಾರದಲ್ಲಿದ್ದ 47 ರಾಜ್ಯಗಳ 6,933 ಶಾಸಕರ ಹಣಕಾಸಿನ ವರದಿಗಳನ್ನು ಕಲೆಹಾಕಿ 2017ರಲ್ಲಿ ಫಲಿತಾಂಶವನ್ನು ಪ್ರಕಟಿಸಿದವು. ನೂರಕ್ಕೆ ಕನಿಷ್ಠ 76 ಮಂದಿಗೆ ಶಾಸಕತ್ವದ ಹೊರಗೆ ಆದಾಯವೋ ಉದ್ಯೋಗವೋ ಇತ್ತು. ತಮ್ಮ ವ್ಯಾಪಾರಕ್ಕೆ, ತಮಗೆ ಸಂಬಳ ಕೊಡುವವರಿಗೆ ಅನುಕೂಲವಾಗುವ ಮಸೂದೆಗಳನ್ನು ತಾವೇ ಮಂಡಿಸಿದವರೂ ಬೆಂಬಲಿಸಿದವರೂ ಅವರಲ್ಲಿದ್ದರು. ಬಹುಪಾಲು ಅದಕ್ಕೆ ಅಲ್ಲಿನ ನಿಯಮಗಳ ಅಡ್ಡಿಯೇ ಇರಲಿಲ್ಲ. ಆ ಹೊತ್ತಿಗೆ ವಿವರವನ್ನೇ ಕೇಳದಿದ್ದ ರಾಜ್ಯಗಳು ಮೂರು: ಐಡಹೊ, ಮಿಚಿಗನ್, ವರ್ಮಾಂಟ್. 2022ರ ನವೆಂಬರಿನಲ್ಲಿ ಮಿಚಿಗನ್ನಿನ ಮತದಾರರೇ ಮತ ಹಾಕಿ ಅಂಥ ನಿಯಮವನ್ನು ತಮ್ಮ ರಾಜ್ಯದ ಸಂವಿಧಾನಕ್ಕೆ ಸೇರಿಸಿದರು. ಅಮೆರಿಕದವರು ನಮಗಿಂತ ಶುದ್ಧರೆಂಬುದು ಇದರ ತಾತ್ಪರ್ಯವಲ್ಲ. ಆಸ್ತಿಯ ಪಟ್ಟಿಯನ್ನೂ ಮಸೂದೆಯ ಪಟ್ಟಿಯನ್ನೂ ಅಕ್ಕಪಕ್ಕದಲ್ಲಿಟ್ಟು ಓದಬಹುದು, ಹಾಗೆ ಓದಿದರೆ ಕಾಣದಿದ್ದದ್ದು ಕಾಣುತ್ತದೆ ಎಂಬುದಷ್ಟೇ ನಮಗೆ ಬೇಕಾದ ಪಾಠ.

ಇದಕ್ಕೆ ಎದುರಾಗಿ ಹೇಳುವ ಮಾತುಗಳೂ ಇವೆ. ಅವುಗಳಲ್ಲಿ ಸತ್ಯಾಂಶವೂ ಇದೆ. ರೈತನಾದವನು ಕೃಷಿಯ ಬಗ್ಗೆ, ವೈದ್ಯನಾದವನು ಆಸ್ಪತ್ರೆಗಳ ಬಗ್ಗೆ ಮಾತನಾಡಬಾರದೆಂದರೆ ಸದನದಲ್ಲಿ ಅನುಭವದ ಮಾತು ಕೇಳಿಬರುವುದಾದರೂ ಹೇಗೆ? ಈ ಆಕ್ಷೇಪ ನ್ಯಾಯವಾದದ್ದು. ಅದಕ್ಕೆಂದೇ ನಾನು ಯಾರ ಬಾಯನ್ನೂ ಕಟ್ಟಬೇಕೆಂದು ಹೇಳುತ್ತಿಲ್ಲ. 'ನನಗೊಂದು ಆಸ್ಪತ್ರೆಯಿದೆ' ಎಂದು ಹೇಳಿ ಮಾತನಾಡುವ ವೈದ್ಯರ ಮಾತಿಗೆ ತೂಕ ಹೆಚ್ಚೀತೇ ಹೊರತು ಕಡಿಮೆಯಾಗದು. ಇನ್ನು ಖಾಸಗಿ ಬದುಕಿನ ಮಾತು. ಶಾಸಕರ ಮನೆಯ ಒಡವೆಯ ತೂಕ ನನಗೆ ನಿಜಕ್ಕೂ ಬೇಕಾಗಿಲ್ಲ. ಪ್ರತಿಯೊಂದು ಚರವಸ್ತುವನ್ನೂ ಅಭ್ಯರ್ಥಿ ಬರೆಯಬೇಕಾಗಿಲ್ಲವೆಂದು 2024ರ ಏಪ್ರಿಲಿನಲ್ಲಿ ಅರುಣಾಚಲ ಪ್ರದೇಶದ ಶಾಸಕರೊಬ್ಬರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ್ದೂ ಸರಿಯಾಗಿಯೇ ಇದೆ. ಕೈಗಡಿಯಾರವನ್ನು ಬಿಡೋಣ, ಕಲ್ಲುಗಣಿಯನ್ನು ಬಿಡುವುದು ಬೇಡ.

ಮತ್ತೊಂದು ಆಕ್ಷೇಪ, ಇದರಿಂದ ನಿರಪರಾಧಿಗಳ ಹೆಸರಿಗೆ ಮಸಿ ಹತ್ತುತ್ತದೆಂಬುದು. ಇಲ್ಲಿ ನಮ್ಮ ನಾಡಿನ ಇತ್ತೀಚಿನ ಚರಿತ್ರೆಯನ್ನೇ ನೋಡಬಹುದು. ಗಣಿಗಾರಿಕೆಯ ಕುರಿತು 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಕೊಟ್ಟ ವರದಿಯಲ್ಲಿ, ಗಣಿ ಕಂಪೆನಿಯೊಂದು ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರ ಕುಟುಂಬದವರಿಗೆ ಸಂಬಂಧಿಸಿದ ಟ್ರಸ್ಟಿಗೆ ದೇಣಿಗೆ ಕೊಟ್ಟ ವಿಷಯವಿತ್ತು. ಅವರು ರಾಜೀನಾಮೆ ಕೊಡಬೇಕಾಯಿತು. 2016ರ ಅಕ್ಟೋಬರಿನಲ್ಲಿ ವಿಶೇಷ ನ್ಯಾಯಾಲಯ ಅವರನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಈ ಎರಡು ಘಟನೆಗಳ ನಡುವೆ ಐದು ವರ್ಷಗಳ ಕಾಲ ನಾಡಿನಲ್ಲಿ ಒಬ್ಬರು ಕಳ್ಳರೆಂದರು, ಇನ್ನೊಬ್ಬರು ಬಲಿಪಶುವೆಂದರು. ನ್ಯಾಯಾಲಯ ಕೇಳುವುದು ಅಪರಾಧ ರುಜುವಾತಾಯಿತೇ ಎಂದು, ಕೇಳಬೇಕಾದದ್ದೂ ಅದನ್ನೇ. ಅದಕ್ಕಿಂತ ಎಷ್ಟೋ ಮೊದಲು, ಯಾರ ಮೇಲೂ ಯಾವ ಆರೋಪವೂ ಇಲ್ಲದ ದಿನಗಳಲ್ಲಿ, ಯಾವ ಟ್ರಸ್ಟು ಯಾರಿಗೆ ಸಂಬಂಧಿಸಿದ್ದು, ಅದಕ್ಕೆ ಹಣ ಎಲ್ಲಿಂದ ಬರುತ್ತದೆ ಎಂಬ ಪುಸ್ತಕವೊಂದು ಎಲ್ಲರ ಕಣ್ಣಿಗೆ ಕಾಣುವಂತೆ ತೆರೆದಿದ್ದರೆ? ತಪ್ಪು ಮಾಡುವವರು ಹಿಂಜರಿಯುತ್ತಿದ್ದರು. ತಪ್ಪು ಮಾಡದವರಿಗೆ ಅದೇ ರಕ್ಷಣೆಯಾಗುತ್ತಿತ್ತು. ಘೋಷಣೆ ಎಂಬುದು ಆಪಾದನೆಯಾಗಬೇಕಿಲ್ಲ. ಊರಿನ ಪಂಚಾಯಿತಿ ಕಟ್ಟೆಯಲ್ಲಿ ಕುಳಿತ ಹಿರಿಯರು 'ಈ ಜಗಳದ ಜಮೀನಿನ ಪಕ್ಕದ್ದು ನನ್ನದೇ, ತಿಳಿದಿರಲಿ' ಎಂದು ಮೊದಲೇ ಹೇಳುವಂಥ ಸೌಜನ್ಯ ಅದು.

ನಮ್ಮ ವಿಧಾನಸಭೆಯ 224, ವಿಧಾನ ಪರಿಷತ್ತಿನ 75 ಸ್ಥಾನಗಳನ್ನು ತುಂಬುವವರಿಂದ ನಾವು ಏನನ್ನು ಅಪೇಕ್ಷಿಸಬಹುದು? ರಾಜ್ಯಸಭೆಯಲ್ಲಿರುವಂಥ ಹಿತಾಸಕ್ತಿಯ ದಾಖಲೆಪುಸ್ತಕ ಇಲ್ಲಿಯೂ ಇರಲಿ. ಅದು ಕನ್ನಡದಲ್ಲಿರಲಿ, ಯಾರು ಬೇಕಾದರೂ ಓದುವಂತಿರಲಿ. ಟ್ರಸ್ಟು, ಸೊಸೈಟಿ, ಕಂಪೆನಿಗಳಲ್ಲಿ ತಮಗೂ ತಮ್ಮ ವಯಸ್ಕ ಮಕ್ಕಳಿಗೂ ಒಡಹುಟ್ಟಿದವರಿಗೂ ಇರುವ ಸ್ಥಾನಗಳನ್ನು ಅದರಲ್ಲಿ ಬರೆಸಲಿ. ವರ್ಷಕ್ಕೊಮ್ಮೆ ಅದನ್ನು ತಿದ್ದಲಿ. ಸಂಬಂಧವುಳ್ಳ ವಿಷಯ ಬಂದಾಗ ಎದ್ದು ನಿಂತು ಹೇಳಿ ಮಾತನಾಡಲಿ. ಸಮಿತಿಯಲ್ಲಾದರೆ ಆ ವಿಷಯದ ಮಟ್ಟಿಗೆ ದೂರ ಕುಳಿತುಕೊಳ್ಳಲಿ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಖರ್ಚಿಲ್ಲ, ಹೊಸ ಇಲಾಖೆ ಬೇಕಿಲ್ಲ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಿಮಗೆ ಗೊತ್ತೇ ಇದೆ. ತಮ್ಮ ಮೇಲೆ ತಾವೇ ಕಾವಲಿಡುವ ಕಾನೂನನ್ನು ಮಾಡಲು ಯಾರಿಗೂ ಅವಸರವಿರುವುದಿಲ್ಲ. 2002ರಲ್ಲಿ ಎಲ್ಲ ಪಕ್ಷಗಳೂ ಒಂದಾದದ್ದು ಇದಕ್ಕೆ ಸಾಕ್ಷಿ. ಅಲ್ಲಿಯವರೆಗೆ ಓದುಗರಾದ ನಮ್ಮ ಕೈಯಲ್ಲೇ ಇರುವ ಕೆಲಸವೊಂದಿದೆ. ನಿಮ್ಮ ಕ್ಷೇತ್ರದ ಶಾಸಕರ ಪ್ರಮಾಣಪತ್ರ ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಕ್ಕುತ್ತದೆ. ಬಿಡುವಾದ ಒಂದು ಸಂಜೆ ಅದನ್ನು ಮುಂದಿಟ್ಟುಕೊಂಡು, ಕೊನೆಯಲ್ಲಿರುವ ಒಟ್ಟು ಮೊತ್ತವನ್ನು ಕೈಯಿಂದ ಮುಚ್ಚಿ, ಒಂದೊಂದು ಆಸ್ತಿಯ ಪಕ್ಕದಲ್ಲೂ ಅದರ ಬೆಲೆಯನ್ನು ಏರಿಳಿಸಬಲ್ಲ ಇಲಾಖೆಯ ಹೆಸರನ್ನು ಪೆನ್ಸಿಲಿನಲ್ಲಿ ಬರೆಯಿರಿ. ಊರಂಚಿನ ಜಮೀನಾದರೆ ನಗರಾಭಿವೃದ್ಧಿ. ಜಲ್ಲಿ ಕ್ರಷರ್ ಆದರೆ ಗಣಿ ಮತ್ತು ಭೂವಿಜ್ಞಾನ. ಕಾರ್ಖಾನೆಯ ಷೇರಾದರೆ ಸಕ್ಕರೆ, ಇಂಧನ, ಅಬಕಾರಿ. ಬಳಿಕ ಅಧಿವೇಶನದ ವರದಿಗಳು ಬಂದಾಗ ಆ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಿ. ಶಾಸಕರು ಊರಿಗೆ ಬಂದ ದಿನ ಸಭೆಯಲ್ಲಿ ಎದ್ದು, ಕೋಪವಿಲ್ಲದೆ, ಗೌರವದಿಂದಲೇ ಕೇಳಿ: 'ಸ್ವಾಮಿ, ಈ ವಿಷಯದಲ್ಲಿ ತಮ್ಮದೂ ಒಂದು ಪಾಲಿದೆಯಲ್ಲ, ಸದನದಲ್ಲಿ ಅದನ್ನು ಹೇಳಿದಿರಾ?'

ಉತ್ತರ ಏನೇ ಬರಲಿ. ಪ್ರಶ್ನೆಯನ್ನು ಕೇಳುವವರು ಇದ್ದಾರೆಂದು ತಿಳಿದ ಮೇಲೆ ಸದನದಲ್ಲಿ ಕುಳಿತವರ ಮೌನ ಮೊದಲಿನಷ್ಟು ನಿಶ್ಚಿಂತವಾಗಿ ಉಳಿಯಲಾರದು.